ಘಟ್ಟದ ಮೇಲಿನ ಪೇಟೆ, ಘಟ್ಟದ ಕೆಳಗಿನ ಪೇಟೆ: ಉತ್ತರ ಕನ್ನಡದ ಬೆಳವಣಿಗೆಗೆ ಬೇಕಾದ ಹತ್ತಿರದ ಕೊಂಡಿಗಳು

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿಯ ಕುಟುಂಬವೂ ಅಲ್ಲಿ ನಿಂತಿದ್ದ ಲಾರಿಗಳ ಚಾಲಕರೂ ಮಣ್ಣಿನಡಿಗೆ, ಗಂಗಾವಳಿಯ ಒಡಲಿಗೆ ಹೋದರು. ಮೂರು ವಾರಗಳ ಬಳಿಕ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡಗಳ ನಡುವೆ ಕಾಳಿ ನದಿಗೆ ಅಡ್ಡಲಾಗಿದ್ದ ಹಳೆಯ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿದ್ದು, ಅದರ ಚಾಲಕನನ್ನು ಜೀವಂತವಾಗಿ ಮೇಲೆತ್ತಲಾಯಿತು.

ಈ ಎರಡು ದುರಂತಗಳ ಸುದ್ದಿಯಲ್ಲಿ ಹೆಚ್ಚು ಕೇಳಿಬಂದದ್ದು ದೂರದ ಸಂಚಾರದ ಮಾತು: ಮಂಗಳೂರಿನಿಂದ ಗೋವಾಕ್ಕೆ ಹೋಗುವ ಬಸ್ಸು, ಕೇರಳದ ಲಾರಿ, ಮುಂಬೈ ಕಡೆಯ ಸರಕು. ಆದರೆ ಆ ವಾರಗಳಲ್ಲಿ ದಿನದಿನವೂ ತೊಂದರೆ ಉಂಡವರು ಹತ್ತಿರದ ದಾರಿಯವರು. ಕುಮಟಾದಿಂದ ಅಂಕೋಲಾಕ್ಕೆ ನೌಕರಿಗೆ ಹೋಗುವವರು, ಗೋಕರ್ಣದ ಕಡೆಯಿಂದ ಕಾರವಾರದ ಆಸ್ಪತ್ರೆಗೆ ಹೊರಟ ರೋಗಿಗಳು, ಬೆಳಗಿನ ಮೀನು ಸಂಜೆಯೊಳಗೆ ಮಾರಾಟವಾಗಬೇಕಾದ ಹೆಂಗಸರು, ಇವರ ಪಾಲಿಗೆ ಮೂವತ್ತು ಮೂವತ್ತೈದು ಕಿಲೋಮೀಟರಿನ ನೇರ ದಾರಿ ಒಳರಸ್ತೆಗಳ ಸುತ್ತಾಟವಾಯಿತು. ಒಂದು ಪ್ರದೇಶದ ಆರ್ಥಿಕ ಜೀವನ ಇಂಥ ಸಣ್ಣ ಪಯಣಗಳ ಮೇಲೆ ಎಷ್ಟು ಆತುಕೊಂಡಿದೆ ಎಂಬುದು ಅವು ನಿಂತ ದಿನ ಗೊತ್ತಾಗುತ್ತದೆ. ಉತ್ತರ ಕನ್ನಡದ ಅಭಿವೃದ್ಧಿಯ ಚರ್ಚೆಯಲ್ಲಿ ಬಂದರು, ರೈಲು, ಚತುಷ್ಪಥ, ವಿಮಾನ ನಿಲ್ದಾಣಗಳಿಗೆ ಸಿಕ್ಕಿರುವ ಜಾಗ ಪಕ್ಕದ ಪೇಟೆಗಳ ನಡುವಿನ ಕೊಡುಕೊಳ್ಳುವಿಕೆಗೆ ಎಂದೂ ಸಿಕ್ಕಿಲ್ಲ. ಜಿಲ್ಲೆ ಇಷ್ಟೊಂದು ಸಂಪತ್ತನ್ನು ಇಟ್ಟುಕೊಂಡೂ ತನ್ನ ಮಕ್ಕಳಿಗೆ ಕೆಲಸ ಕೊಡಲಾಗದೆ ಇರುವುದಕ್ಕೆ ಮುಖ್ಯ ಕಾರಣವನ್ನು ಅಲ್ಲೇ ಹುಡುಕಬೇಕು ಎಂಬುದು ನನ್ನ ವಾದ.

ಮೊದಲು ಜಿಲ್ಲೆಯ ಅಳತೆಯನ್ನು ನೋಡೋಣ. ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚಿನ ವಿಸ್ತಾರ, ಅದರಲ್ಲಿ ಬಹುಪಾಲು ಕಾಡು. 2011ರ ಜನಗಣತಿಯ ಪ್ರಕಾರ 14.37 ಲಕ್ಷ ಜನ, ಅಂದರೆ ಚದರ ಕಿಲೋಮೀಟರಿಗೆ 140 ಮಂದಿ. ಇಡೀ ರಾಜ್ಯದ ಸರಾಸರಿ ಆಗ 319 ಇತ್ತು. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಆ ಜನಗಣತಿಯಲ್ಲಿ ಒಂದು ಲಕ್ಷ ಜನಸಂಖ್ಯೆಯನ್ನು ಮುಟ್ಟಿದ ಒಂದು ಪಟ್ಟಣವೂ ಈ ಜಿಲ್ಲೆಯಲ್ಲಿ ಇರಲಿಲ್ಲ. ಕಾರವಾರ, ಶಿರಸಿ, ದಾಂಡೇಲಿ, ಭಟ್ಕಳ, ಕುಮಟಾ, ಎಲ್ಲವೂ ಮಧ್ಯಮ ಗಾತ್ರದ ಅಥವಾ ಸಣ್ಣ ಪೇಟೆಗಳು. ಹುಬ್ಬಳ್ಳಿಯೋ ಮಂಗಳೂರೋ ತನ್ನ ಸುತ್ತಲಿನ ಹಳ್ಳಿಗಳನ್ನು ಎಳೆದು ಹಿಡಿದಿರುವ ಹಾಗೆ ಜಿಲ್ಲೆಯನ್ನು ಹಿಡಿದಿಡುವ ನಡುವಣ ನಗರ ಇಲ್ಲಿಲ್ಲ. ಅದಿಲ್ಲದಿದ್ದಾಗ ಪೇಟೆಗಳು ಹೊರಗಿನ ನಗರಗಳ ಕಡೆಗೆ ಮುಖ ಮಾಡುತ್ತವೆ. ಕಾರವಾರದ ಮುಖ ಗೋವಾದ ಕಡೆಗಿದೆ. ಭಟ್ಕಳ, ಹೊನ್ನಾವರಗಳು ಉಡುಪಿ, ಮಣಿಪಾಲ, ಮಂಗಳೂರನ್ನು ನೋಡುತ್ತವೆ. ಸಿದ್ದಾಪುರಕ್ಕೆ ಸಾಗರವೂ ಶಿವಮೊಗ್ಗವೂ ಹತ್ತಿರ. ಮುಂಡಗೋಡ, ಹಳಿಯಾಳ, ಯಲ್ಲಾಪುರಗಳು ಹುಬ್ಬಳ್ಳಿ–ಧಾರವಾಡದ ನೆರಳಿನಲ್ಲಿವೆ. ಜೋಯಿಡಾದ ಜನ ರಾಮನಗರ ದಾಟಿ ಬೆಳಗಾವಿಗೋ ಅನಮೋಡ ಇಳಿದು ಗೋವಾಕ್ಕೋ ಹೋಗುತ್ತಾರೆ.

ಇದರ ಜೊತೆಗೆ ಆಡಳಿತದ ನಕ್ಷೆ ಇನ್ನೊಂದು ದಿಕ್ಕಿಗಿದೆ. ಕಂದಾಯ ವಿಭಾಗ ಬೆಳಗಾವಿಯದು. ವಿದ್ಯುತ್ ಕೊಡುವ ಹೆಸ್ಕಾಂನ, ಬಸ್ಸು ಓಡಿಸುವ ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿಗಳು ಹುಬ್ಬಳ್ಳಿಯಲ್ಲಿವೆ. ಹೈಕೋರ್ಟ್ ಪೀಠ ಧಾರವಾಡದಲ್ಲಿದೆ. ಬದುಕು ಒಂದು ಕಡೆ ಎಳೆದರೆ ಕಡತ ಇನ್ನೊಂದು ಕಡೆ ಹೋಗುತ್ತದೆ. ಭಟ್ಕಳದ ವ್ಯಾಪಾರಿಗೆ ಸರಕು ಬರುವುದು ಮಂಗಳೂರಿನಿಂದ, ಆತನ ಅಪೀಲು ಹೋಗುವುದು ಧಾರವಾಡಕ್ಕೆ.

ಸಣ್ಣ ಪಟ್ಟಣ ದೊಡ್ಡ ನಗರದ ಪಕ್ಕದಲ್ಲಿರುವುದು ಲಾಭವೋ ನಷ್ಟವೋ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಎಪ್ಪತ್ತು ವರ್ಷಗಳಿಂದ ಚರ್ಚಿಸುತ್ತಿದ್ದಾರೆ. 1957ರಲ್ಲಿ ಸ್ವೀಡನ್ನಿನ ಗುನ್ನಾರ್ ಮಿರ್ಡಾಲ್ ಎರಡು ಶಕ್ತಿಗಳ ಬಗ್ಗೆ ಬರೆದರು. ಬೆಳೆಯುವ ನಗರವು ಸುತ್ತಲಿನ ಊರುಗಳಿಂದ ಕೊಳ್ಳುತ್ತದೆ, ಕೆಲಸ ಕೊಡುತ್ತದೆ, ಹೀಗೆ ತನ್ನ ಸಂಪತ್ತನ್ನು ಹರಡುತ್ತದೆ. ಅದೇ ನಗರವು ಆ ಊರುಗಳ ಹಣವನ್ನೂ ಓದಿದ ಯುವಜನರನ್ನೂ ವ್ಯಾಪಾರವನ್ನೂ ತನ್ನೊಳಗೆ ಸೆಳೆದುಕೊಳ್ಳುತ್ತದೆ. ಯಾವ ಶಕ್ತಿ ಮೇಲಾಗುತ್ತದೆ ಎಂಬುದು ತಾನಾಗಿ ನಿರ್ಧಾರವಾಗುವುದಿಲ್ಲ, ನೀತಿಯೂ ಅದರಲ್ಲಿ ಪಾಲು ಪಡೆಯುತ್ತದೆ ಎಂದು ಅವರು ಹೇಳಿದರು. 1973ರಲ್ಲಿ ಅಮೆರಿಕದ ವಿಲಿಯಂ ಅಲೊನ್ಸೊ ಇನ್ನೊಂದು ಮಾತನ್ನು ಸೇರಿಸಿದರು: ಸಣ್ಣ ಊರುಗಳು ಒಂದಕ್ಕೊಂದು ಚೆನ್ನಾಗಿ ಬೆಸೆದುಕೊಂಡಿದ್ದರೆ ಪ್ರತಿಯೊಂದೂ ತನ್ನ ನಿಜವಾದ ಗಾತ್ರಕ್ಕಿಂತ ದೊಡ್ಡ ಊರಿನ ಅನುಕೂಲಗಳನ್ನು ಎರವಲು ಪಡೆಯಬಲ್ಲದು. ಐವತ್ತು ಸಾವಿರ ಜನರ ಪೇಟೆಯೊಂದು ಒಬ್ಬ ಹೃದ್ರೋಗ ತಜ್ಞನನ್ನೋ ಒಂದು ಶೀತಲಗೃಹವನ್ನೋ ಸಾಕಲಾರದು. ಒಂದು ಗಂಟೆಯೊಳಗೆ ತಲುಪಬಹುದಾದ ಐದು ಪೇಟೆಗಳು ಸೇರಿದರೆ ಸಾಕಬಲ್ಲವು. ನಮ್ಮ ಜಿಲ್ಲೆಗೆ ಇದಕ್ಕಿಂತ ಹತ್ತಿರವಾದ ಸಿದ್ಧಾಂತ ನನಗೆ ಕಾಣುವುದಿಲ್ಲ. ನಮ್ಮಲ್ಲಿ ಲಕ್ಷ ಜನರ ನಗರವಿಲ್ಲ, ಆದರೆ ಒಂದರ ಪಕ್ಕ ಒಂದು ಹನ್ನೆರಡು ತಾಲೂಕು ಕೇಂದ್ರಗಳಿವೆ.

ಕಾರವಾರ ಮತ್ತು ಗೋವಾದ ನಂಟನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಮಿರ್ಡಾಲ್ ಹೇಳಿದ ಎರಡೂ ಶಕ್ತಿಗಳು ಅಲ್ಲಿ ಬರಿಗಣ್ಣಿಗೆ ಕಾಣುತ್ತವೆ. ಕಾರವಾರದಿಂದ ಗಡಿಯ ಮಾಜಾಳಿ ದಾಟಿದರೆ ಗೋವಾದ ಪೋಳೆಂ, ಮುಂದೆ ಕಾಣಕೋಣ, ಸುಮಾರು ಎಪ್ಪತ್ತು ಕಿಲೋಮೀಟರಿಗೆ ಮಡಗಾಂವ. ಹುಬ್ಬಳ್ಳಿ ಇದರ ಎರಡು ಪಟ್ಟಿಗಿಂತಲೂ ದೂರ, ಅದೂ ಘಟ್ಟ ಹತ್ತಿ. ಎರಡೂ ಕಡೆ ಮನೆಮಾತು ಕೊಂಕಣಿ, ಸಂಬಂಧಗಳು ಬೆಳೆದಿರುವುದು ತಲೆಮಾರುಗಳಿಂದ. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದ ಮೇಲೆ ಈ ನಂಟು ಗಟ್ಟಿಯಾಯಿತು. ಕಾರವಾರದಿಂದ ಮಡಗಾಂವ, ಪೆಡ್ನೆ ಕಡೆಗೆ ಹೋಗುವ ಪ್ಯಾಸೆಂಜರ್ ರೈಲು, ಗೋವಾದ ಕದಂಬ ಸಾರಿಗೆ ಮತ್ತು ನಮ್ಮ ಸಾರಿಗೆ ಸಂಸ್ಥೆಯ ಬಸ್ಸುಗಳು, ಮೋಟಾರ್ ಬೈಕುಗಳು, ಇವುಗಳಲ್ಲಿ ಕಾರವಾರ ತಾಲೂಕಿನ ಯುವಕರು ವೆರ್ಣಾದ ಕಾರ್ಖಾನೆಗಳಿಗೆ, ಹೋಟೆಲುಗಳಿಗೆ, ಕಟ್ಟಡ ಕೆಲಸಗಳಿಗೆ ಹೋಗುತ್ತಾರೆ. ಸಂಬಳ ಮನೆಗೆ ಬರುತ್ತದೆ, ಸದಾಶಿವಗಡದ ಅಂಗಡಿಗಳಲ್ಲಿ ಖರ್ಚಾಗುತ್ತದೆ. ಕಾರವಾರದ ಮೀನುಗಾರಿಕಾ ಬಂದರು ಬೈತಖೋಲದ ಮೀನು ಮಡಗಾಂವದ ಸಗಟು ಮಾರುಕಟ್ಟೆಗೆ ಹೋಗುತ್ತದೆ. ಅಘನಾಶಿನಿ ಅಳಿವೆಯಲ್ಲಿ ಹೆಂಗಸರೂ ಗಂಡಸರೂ ನೀರಿಗಿಳಿದು ಆಯುವ ಬಳಚಿಗೂ (ತಿನ್ನುವ ಚಿಪ್ಪುಜೀವಿ) ಗೋವಾದ ಗಿರಾಕಿಗಳೇ ದೊಡ್ಡವರು.

ಆದರೆ ಈ ನಂಟಿಗೆ ಒಂದು ಒಪ್ಪಂದವಿಲ್ಲ, ಭರವಸೆಯಿಲ್ಲ. 2018ರಲ್ಲಿ ಮೀನಿಗೆ ಫಾರ್ಮಾಲಿನ್ ಹಾಕುತ್ತಾರೆಂಬ ಗದ್ದಲ ಗೋವಾದಲ್ಲಿ ಎದ್ದು, ವರ್ಷದ ಕೊನೆಯ ತಿಂಗಳುಗಳಲ್ಲಿ ಅಲ್ಲಿನ ಸರ್ಕಾರ ಹೊರರಾಜ್ಯದ ಮೀನಿಗೆ ನೋಂದಣಿಯನ್ನೂ ಶೀತ ಕಾಯುವ ಇನ್ಸುಲೇಟೆಡ್ ವಾಹನವನ್ನೂ ಕಡ್ಡಾಯ ಮಾಡಿತು. ಸಾವಿರ ಕಿಲೋಮೀಟರ್ ದೂರದಿಂದ ಬರುವ ಮೀನನ್ನು ಕಣ್ಣ ಮುಂದಿಟ್ಟುಕೊಂಡು ಮಾಡಿದ ನಿಯಮವು, ಬೆಳಿಗ್ಗೆ ಹಿಡಿದು ಎರಡು ಗಂಟೆಯೊಳಗೆ ತಲುಪಿಸುವ ಕಾರವಾರದ ಸಣ್ಣ ಟೆಂಪೊಗಳನ್ನೂ ಗಡಿಯಲ್ಲಿ ನಿಲ್ಲಿಸಿತು. ಅದೇ ವರ್ಷದ ಆರಂಭದಿಂದ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆ ಗೋವಾದವರಲ್ಲದ ರೋಗಿಗಳಿಗೆ ಶುಲ್ಕ ವಿಧಿಸತೊಡಗಿತ್ತು. ಕೋವಿಡ್ ಕಾಲದಲ್ಲಂತೂ ಪೋಳೆಂ ಗಡಿ ಮುಚ್ಚಿದಾಗ ದಿನಗೂಲಿಯವರ ಮನೆಗಳಲ್ಲಿ ಒಲೆ ಉರಿಯುವುದು ಕಷ್ಟವಾಯಿತು. ಗೋವಾ ತನ್ನ ಜನರ ಆರೋಗ್ಯವನ್ನು ನೋಡಿಕೊಂಡದ್ದನ್ನು ನಾನು ತಪ್ಪೆನ್ನಲಾರೆ. ತೆರಿಗೆ ಕೊಡುವವರು ಅಲ್ಲಿಯವರು, ಆಸ್ಪತ್ರೆ ಅವರದು. ಆದರೆ ಇಷ್ಟು ಸಾವಿರ ಜನರ ಅನ್ನ ಇನ್ನೊಂದು ರಾಜ್ಯದ ಆದೇಶದ ಮೇಲೆ ನಿಂತಿರುವಾಗ, ಬೆಂಗಳೂರಿನ ಸರ್ಕಾರ ಪಣಜಿಯೊಂದಿಗೆ ಮಹದಾಯಿಯ ನೀರಿನ ಬಗ್ಗೆ ಮಾತಾಡುವ ಹುರುಪಿನ ಒಂದಂಶವನ್ನಾದರೂ ಈ ಜನರ ಓಡಾಟಕ್ಕೆ ಕೊಡಬೇಕಿತ್ತು.

ಶಿರಸಿಯ ಕತೆ ಬೇರೆ. ಅಲ್ಲಿ ಹಣ ಇದೆ, ಅದು ಅಡಿಕೆಯ ಹಣ. ತೋಟದಿಂದ ಸುಲಿದು, ಬೇಯಿಸಿ ಅಥವಾ ಹಾಗೇ ಒಣಗಿಸಿ, ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಬಗೆಬಗೆಯಾಗಿ ವಿಂಗಡಿಸಿದ ಅಡಿಕೆ ಸಹಕಾರಿ ಸಂಘಗಳ ಅಂಗಳಕ್ಕೆ ಬರುತ್ತದೆ, ವ್ಯಾಪಾರಿಗಳು ಟೆಂಡರ್ ಹಾಕಿ ಕೊಳ್ಳುತ್ತಾರೆ, ಲಾರಿಗಳು ಉತ್ತರ ಭಾರತಕ್ಕೆ ಹೊರಡುತ್ತವೆ. 1923ರಲ್ಲಿ ಹುಟ್ಟಿದ ತೋಟಗಾರರ ಸಹಕಾರಿ ಮಾರಾಟ ಸಂಘ, ಅಂದರೆ ಎಲ್ಲರ ಬಾಯಲ್ಲಿರುವ ಟಿಎಸ್‌ಎಸ್, ಮತ್ತು 1920ರ ಕೆಡಿಸಿಸಿ, ಅಂದರೆ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, ಇವು ದಲ್ಲಾಳಿಯ ಹಿಡಿತದಿಂದ ಬೆಳೆಗಾರನನ್ನು ಬಿಡಿಸುವಲ್ಲಿ ಮಾಡಿದ ಕೆಲಸ ಸಣ್ಣದಲ್ಲ. 2019ರಲ್ಲಿ ಶಿರಸಿ ಅಡಿಕೆಗೆ ಭೌಗೋಳಿಕ ಸೂಚಿಯ ಮನ್ನಣೆಯೂ ಸಿಕ್ಕಿತು. ಒಂದು ಶತಮಾನದ ಸಹಕಾರದ ಅನುಭವ ಇಷ್ಟು ಆಳವಾಗಿ ಬೇರೂರಿದ ಪೇಟೆಗಳು ರಾಜ್ಯದಲ್ಲಿ ಹೆಚ್ಚಿಲ್ಲ.

ಹಾಗಿದ್ದೂ ಆ ಹಣ ಶಿರಸಿಯಲ್ಲಿ, ಅಥವಾ ಜಿಲ್ಲೆಯಲ್ಲಿ, ಎಷ್ಟು ಸುತ್ತು ಹಾಕುತ್ತದೆ ಎಂದು ಕೇಳಿದರೆ ಉತ್ತರ ನಿರಾಸೆ ತರುತ್ತದೆ. ಪ್ರದೇಶದ ಬೆಳವಣಿಗೆಯನ್ನು ಅಳೆಯುವಾಗ ಎಷ್ಟು ಹಣ ಬಂತು ಎಂಬುದರಷ್ಟೇ ಮುಖ್ಯವಾದದ್ದು, ಬಂದ ಹಣ ಹೊರಗೆ ಹೋಗುವ ಮುನ್ನ ಎಷ್ಟು ಕೈಗಳನ್ನು ದಾಟಿತು ಎಂಬುದು. ಅಡಿಕೆ ಇಲ್ಲಿ ಒಣಗುತ್ತದೆ, ಅದಕ್ಕೆ ಮೌಲ್ಯ ಸೇರಿ ಪಾನ್ ಮಸಾಲೆಯಾಗುವುದು ಬೇರೆಡೆ. ತೋಟದ ಆದಾಯದಲ್ಲಿ ಓದಿದ ಮಗ ಬೆಂಗಳೂರಿನಲ್ಲಿ ಮನೆ ಕಟ್ಟುತ್ತಾನೆ. ದೊಡ್ಡ ಕಾಯಿಲೆಯ ಖರ್ಚು ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗುತ್ತದೆ. ಮದುವೆಯ ಜವಳಿ ಹುಬ್ಬಳ್ಳಿಯದು. ಅರವತ್ತು ಕಿಲೋಮೀಟರ್ ಕೆಳಗಿರುವ ಕುಮಟಾದೊಂದಿಗೆ ಶಿರಸಿಗೆ ಒಂದು ಕಾಲದಲ್ಲಿ ಇದ್ದ ದೊಡ್ಡ ವ್ಯಾಪಾರ ಇಂದು ಇಲ್ಲ. ಮೀನು ಮೇಲೆ ಬರುತ್ತದೆ, ಬೆಳಿಗ್ಗೆ ಹಾರ್ನ್ ಒತ್ತುತ್ತಾ ಹಳ್ಳಿಗಳನ್ನು ಸುತ್ತುವ ಬೈಕು, ಟೆಂಪೊಗಳಲ್ಲಿ. ಕೆಳಗಿಳಿಯುವ ಸರಕು ಬಹಳ ಕಡಿಮೆ. ಕರಾವಳಿಯ ಪೇಟೆಗಳು ತಿನ್ನುವ ತರಕಾರಿಯ ದೊಡ್ಡ ಭಾಗ ಬೆಳಗಾವಿ, ಹುಬ್ಬಳ್ಳಿಗಳಿಂದ ಬರುತ್ತದೆ, ನಡುವೆ ಯಲ್ಲಾಪುರ, ಮುಂಡಗೋಡಗಳ ಹೊಲಗಳನ್ನು ದಾಟಿಕೊಂಡೇ.

ಆ ಒಂದು ಕಾಲ ಯಾವುದು ಎಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವೆ ಧಾರವಾಡ ಸೀಮೆಯ ಹತ್ತಿ ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬರುತ್ತಿತ್ತು, ಅಲ್ಲಿಂದ ಮುಂಬೈಗೆ ಹಡಗೇರುತ್ತಿತ್ತು. ಒಂದು ಎಸಳನ್ನೂ ಬೆಳೆಯದ ಊರಿನ ಹೆಸರು ಇಂಗ್ಲೆಂಡಿನ ಪೇಟೆಯಲ್ಲಿ ಹತ್ತಿಯ ತಳಿಯೊಂದಕ್ಕೆ ಅಂಟಿಕೊಂಡಿತು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿನ ಹತ್ತಿ ನಿಂತು ಬ್ರಿಟಿಷ್ ಗಿರಣಿಗಳು ಕಂಗಾಲಾದ ಹೊತ್ತಿನಲ್ಲಿ, 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಲಾಯಿತು. ಹತ್ತಿ ಬೆಳೆಯುವ ನಾಡೂ ಅದನ್ನು ಸಾಗಿಸುವ ಬಂದರೂ ಒಂದೇ ಆಡಳಿತದಲ್ಲಿರಲಿ ಎಂಬುದು ಅದರ ಹಿಂದಿನ ಮುಖ್ಯ ಲೆಕ್ಕ. ಕಾರವಾರ ಜಿಲ್ಲಾ ಕೇಂದ್ರವಾಯಿತು, ಬಂದರು ಬೆಳೆಯುವ ಕನಸು ಕಂಡಿತು, ಘಟ್ಟಗಳಲ್ಲಿ ಗಾಡಿರಸ್ತೆಗಳಾದವು. ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ಬರುತ್ತದೆಂದು ಜನ ಕಾದರು.

ರೈಲು ಬಂತು, ಮುರ್ಮುಗೋವಾಕ್ಕೆ. 1878ರಲ್ಲಿ ಬ್ರಿಟಿಷರಿಗೂ ಪೋರ್ಚುಗೀಸರಿಗೂ ಒಪ್ಪಂದವಾಗಿ, 1880ರ ದಶಕ ಮುಗಿಯುವಷ್ಟರಲ್ಲಿ ಹುಬ್ಬಳ್ಳಿ ಕಡೆಯ ಸರಕು ಲೋಂಡಾ, ಕ್ಯಾಸಲ್‌ರಾಕ್ ಮೂಲಕ ಗೋವಾದ ಬಂದರಿಗೆ ಇಳಿಯತೊಡಗಿತು. ಕ್ಯಾಸಲ್‌ರಾಕ್ ಇರುವುದು ಇದೇ ಜಿಲ್ಲೆಯ ಜೋಯಿಡಾ ತಾಲೂಕಿನಲ್ಲಿ. ಜಿಲ್ಲೆಯ ಒಂದು ಮೂಲೆಯನ್ನು ದಾಟಿಹೋದ ಆ ಹಳಿ ಜಿಲ್ಲೆಯ ಎರಡು ಬಂದರುಗಳ ವ್ಯಾಪಾರವನ್ನು ಕೊಂಡೊಯ್ದಿತು. ಕುಮಟಾ ಮತ್ತೆಂದೂ ಆ ಮಟ್ಟದ ಬಂದರಾಗಲಿಲ್ಲ.

ಈ ಇತಿಹಾಸವನ್ನು ಇಲ್ಲಿ ಸಾಮಾನ್ಯವಾಗಿ ಹೇಳುವುದು ರೈಲು ತಪ್ಪಿದ ದುಃಖಕ್ಕಾಗಿ. ನನಗೆ ಅದರಲ್ಲಿ ಕಾಣುವ ಪಾಠ ಸ್ವಲ್ಪ ಬೇರೆ. ಹತ್ತಿಯ ವ್ಯಾಪಾರ ನಡೆಯುತ್ತಿದ್ದಾಗಲೂ ಕುಮಟಾ ಒಂದು ಹಾದುಹೋಗುವ ಜಾಗವಾಗಿತ್ತು. ಮೇಲಿನ ಸರಕು ಕೆಳಗಿಳಿದು ಹಡಗೇರುವ ತನಕ ಅಲ್ಲಿ ಕೂಲಿಯಿತ್ತು, ವಖಾರಿಯ ಬಾಡಿಗೆಯಿತ್ತು, ದಲ್ಲಾಳಿಯಿತ್ತು. ಬೇರೆ ದಾರಿ ಅಗ್ಗವಾದ ದಿನ ಅದೆಲ್ಲ ಒಟ್ಟಿಗೆ ಹೋಯಿತು. ದೂರದ ಎರಡು ತುದಿಗಳ ನಡುವಿನ ಸಾಗಾಟವನ್ನೇ ನಂಬಿದ ಊರಿನ ಹಣೆಬರಹ ಆ ತುದಿಗಳ ಕೈಯಲ್ಲಿರುತ್ತದೆ.

ಇದೇ ಪಾಠವನ್ನು ಅಂಕೋಲಾ ಇನ್ನೊಮ್ಮೆ ಕಲಿಯಬೇಕಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ, ಹೊಸಪೇಟೆಗಳ ಕಬ್ಬಿಣದ ಅದಿರು ಲಾರಿಗಳಲ್ಲಿ ಅರಬೈಲ್ ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಬಂತು. ರಸ್ತೆ ಪುಡಿಯಾಯಿತು, ಯಲ್ಲಾಪುರದಿಂದ ಅಂಕೋಲಾದ ತನಕ ಮರದೆಲೆಗಳ ಮೇಲೆ ಕೆಂಪು ಧೂಳು ಕೂತಿತು. 2010ರ ಜುಲೈಯಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ನಿಷೇಧಿಸಿತು. ಬಂದರಿನಲ್ಲಿ ಜಪ್ತಿಯಾಗಿದ್ದ ಅದಿರು ಕಾಣೆಯಾದ ಪ್ರಕರಣ ದೇಶಕ್ಕೆಲ್ಲ ಸುದ್ದಿಯಾಯಿತು, 2011ರ ಲೋಕಾಯುಕ್ತ ವರದಿಯ ಭಾಗವಾಯಿತು. ಅಷ್ಟು ಸಂಪತ್ತು ಹಾದುಹೋದ ಮೇಲೆ ಅಂಕೋಲಾದಲ್ಲಿ ಉಳಿದ ಒಂದು ಕಾರ್ಖಾನೆಯನ್ನು, ಒಂದು ತರಬೇತಿ ಕೇಂದ್ರವನ್ನು, ಒಂದು ಆಸ್ಪತ್ರೆಯನ್ನು ತೋರಿಸುವುದು ಕಷ್ಟ.

ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1958ರಲ್ಲಿ ಕೊಂಡಿಗಳ ಬಗ್ಗೆ ಬರೆದದ್ದು ಇಲ್ಲಿ ನೆರವಿಗೆ ಬರುತ್ತದೆ. ಒಂದು ಉದ್ಯಮ ತನಗೆ ಬೇಕಾದ್ದನ್ನು ಸುತ್ತಲಿನಿಂದ ಕೊಂಡರೆ ಅದು ಹಿಂದಿನ ಕೊಂಡಿ. ಅದರ ಉತ್ಪನ್ನವನ್ನು ಬಳಸಿ ಸುತ್ತಲಿನವರು ಇನ್ನೇನಾದರೂ ಮಾಡಿದರೆ ಅದು ಮುಂದಿನ ಕೊಂಡಿ. ಎರಡೂ ಇಲ್ಲದ ಯೋಜನೆ ಎಷ್ಟೇ ದೊಡ್ಡದಾದರೂ ದ್ವೀಪವಾಗಿ ಉಳಿಯುತ್ತದೆ. ಉತ್ತರ ಕನ್ನಡದ ದೊಡ್ಡ ಯೋಜನೆಗಳ ಪಟ್ಟಿಯನ್ನು ಈ ಅಳತೆಯಿಂದ ನೋಡಿ. ಕಾಳಿ ನದಿಯ ಮೇಲೆ ಸೂಪಾದಿಂದ ಕದ್ರಾದವರೆಗೆ ಅಣೆಕಟ್ಟುಗಳ ಸಾಲು, ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಅಣು ಘಟಕಗಳು, 1986ರಲ್ಲಿ ಅಡಿಗಲ್ಲು ಬಿದ್ದು 2005ರಲ್ಲಿ ಕದಂಬ ನೌಕಾನೆಲೆಯಾಗಿ ರೂಪುಗೊಂಡ ಸೀಬರ್ಡ್. ದೇಶಕ್ಕೆ ಇವೆಲ್ಲ ಬೇಕಾದವು, ಅದರಲ್ಲಿ ವಾದವಿಲ್ಲ. ಸಾವಿರಾರು ಕುಟುಂಬಗಳು ಇವಕ್ಕಾಗಿ ನೆಲ ಬಿಟ್ಟಿವೆ. ಆದರೆ ವಿದ್ಯುತ್ತು ತಂತಿಯಲ್ಲಿ ಹೊರಗೆ ಹೋಗುತ್ತದೆ, ನೌಕಾನೆಲೆ ತನ್ನ ಗೋಡೆಯೊಳಗೆ ಬಾಳುತ್ತದೆ, ನೌಕರರ ವಸತಿ, ಶಾಲೆ, ಅಂಗಡಿಗಳ ಹೆಚ್ಚಿನ ಭಾಗ ಒಳಗೇ ಇವೆ. ಅಲ್ಲಿಗೆ ಬೇಕಾದ ಹಾಲು, ತರಕಾರಿ, ಮೀನು, ಬಿಡಿಭಾಗ, ದುರಸ್ತಿ ಕೆಲಸಗಳಲ್ಲಿ ಎಷ್ಟು ಪಾಲು ಕಾರವಾರ, ಅಂಕೋಲಾ, ಯಲ್ಲಾಪುರಗಳದು ಎಂಬ ಲೆಕ್ಕವನ್ನು ಜಿಲ್ಲೆ ಕೇಳಬೇಕು, ಪ್ರತಿವರ್ಷ ಕೇಳಬೇಕು. ಇದಕ್ಕೆ ಹೋಲಿಸಿದರೆ 1950ರ ದಶಕದಲ್ಲಿ ಬಂದ ದಾಂಡೇಲಿಯ ಕಾಗದ ಕಾರ್ಖಾನೆ, ಕಾಡಿಗೂ ಕಾಳಿ ನದಿಗೂ ತಂದ ಹಾನಿಯ ಹೊರತಾಗಿಯೂ, ಒಂದು ಪೇಟೆಯನ್ನೇ ಬೆಳೆಸಿತು. ಅದರ ಸಂಬಳ ಪೇಟೆಯಲ್ಲಿ ಖರ್ಚಾಯಿತು.

ಈಗ ಮತ್ತೆ ಎರಡು ದೊಡ್ಡ ಯೋಜನೆಗಳು ಜಿಲ್ಲೆಯ ಮುಂದಿವೆ. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಸುಮಾರು 165 ಕಿಲೋಮೀಟರ್ ಉದ್ದದ್ದು, 1990ರ ದಶಕದಲ್ಲಿ ಮಂಜೂರಾದದ್ದು, ಸುಮಾರು ಆರುನೂರು ಹೆಕ್ಟೇರ್ ಕಾಡನ್ನು ಬೇಡುವಂಥದ್ದು. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಅದಕ್ಕೆ ಒಪ್ಪಿಗೆ ಕೊಟ್ಟ ಬೆನ್ನಿಗೇ ವಿಷಯ ಹೈಕೋರ್ಟಿಗೆ ಹೋಯಿತು. ಇನ್ನೊಂದು, ಅಂಕೋಲಾದ ಕೇಣಿಯಲ್ಲಿ ವರ್ಷಕ್ಕೆ 3 ಕೋಟಿ ಟನ್ ಸಾಮರ್ಥ್ಯದ, 4,119 ಕೋಟಿ ರೂಪಾಯಿ ಅಂದಾಜಿನ ಬಂದರು. 2023ರಲ್ಲಿ ಜೆಎಸ್‌ಡಬ್ಲ್ಯೂ ಇನ್‌ಫ್ರಾಸ್ಟ್ರಕ್ಚರ್ ಸಂಸ್ಥೆಗೆ ವಹಿಸಲಾದ ಈ ಯೋಜನೆಯನ್ನು ಕೇಣಿಯ ಮೀನುಗಾರರು ಬಲವಾಗಿ ವಿರೋಧಿಸುತ್ತಿದ್ದಾರೆ. ಕಾಡು, ಗುಡ್ಡ, ಸಮುದ್ರಗಳಿಗೆ ಆಗುವ ಪೆಟ್ಟಿನ ಬಗ್ಗೆ ಬಲ್ಲವರು ಸಾಕಷ್ಟು ಬರೆದಿದ್ದಾರೆ, ಆ ಆತಂಕ ನನ್ನದೂ ಹೌದು. ಇಲ್ಲಿ ನಾನು ಎತ್ತುವ ಪ್ರಶ್ನೆ ಬೇರೆ. ಒಳನಾಡಿನ ಗಣಿ, ಉಕ್ಕಿನ ಕಾರ್ಖಾನೆಗಳಿಂದ ಕಡಲಿಗೆ ಸರಕು ಒಯ್ಯುವುದಕ್ಕಾಗಿ ರೂಪಿಸಿದ ಹಳಿಯ ಮೇಲೆ ಯಲ್ಲಾಪುರದ ರೈತ ತನ್ನ ಶುಂಠಿಯನ್ನು ಅಂಕೋಲಾಕ್ಕೆ ಕಳಿಸಬಲ್ಲನೆ? ಬೆಳಿಗ್ಗೆ ಹೋಗಿ ಸಂಜೆ ಬರುವ ಲೋಕಲ್ ರೈಲು ಅದರ ವೇಳಾಪಟ್ಟಿಯಲ್ಲಿದೆಯೆ? ಬಂದರಿನ ಪಕ್ಕದಲ್ಲಿ ಮೀನಿನ ಶೀತಲಗೃಹ, ಮಂಜುಗಡ್ಡೆ ಕಾರ್ಖಾನೆ, ಸಣ್ಣ ಸಂಸ್ಕರಣಾ ಘಟಕಗಳಿಗೆ ಜಾಗವನ್ನು ಒಪ್ಪಂದದಲ್ಲೇ ಬರೆದಿಡಲಾಗಿದೆಯೆ? ಇಂಥ ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಸಿಗದ ತನಕ, ಉದ್ಯೋಗ ಬರುತ್ತದೆ ಎಂಬ ಮಾತನ್ನು ಜಿಲ್ಲೆಯ ಜನ ಒಪ್ಪಬೇಕಾಗಿಲ್ಲ.

ಹತ್ತಿರದ ಕೊಂಡಿಗಳನ್ನು ಗಟ್ಟಿ ಮಾಡುವುದೆಂದರೆ ಏನು ಎಂಬುದನ್ನು ಕುಮಟಾ–ಶಿರಸಿ ದಾರಿಯ ಮೇಲೆ ನಿಂತು ಯೋಚಿಸಬಹುದು. ದೇವಿಮನೆ ಘಟ್ಟದ ಈ ರಸ್ತೆಯ ಅಗಲೀಕರಣವನ್ನು ಸಾಗರಮಾಲಾ ಯೋಜನೆಯಡಿ ಕೈಗೆತ್ತಿಕೊಳ್ಳಲಾಗಿದೆ. ಆ ಯೋಜನೆಯ ಉದ್ದೇಶ ಬಂದರಿಗೆ ಸರಕು ಸಾಗಿಸುವುದು. ಆದರೆ ಈ ದಾರಿಯ ನಿಜವಾದ ಬಳಕೆದಾರರು ಶಿರಸಿಯಿಂದ ಕುಮಟಾಕ್ಕೆ ಬಂದು ಕೊಂಕಣ ರೈಲು ಹತ್ತುವವರು, ಮೇಲೆ ಮೀನು ಒಯ್ಯುವವರು, ಜಿಲ್ಲಾಧಿಕಾರಿ ಕಚೇರಿಗೆ ಹೊರಟ ಬನವಾಸಿ, ಸಿದ್ದಾಪುರಗಳ ರೈತರು. ಶಿರಸಿಯಿಂದ ಕಾರವಾರ ಸುಮಾರು 120 ಕಿಲೋಮೀಟರ್. ಒಂದು ಸಹಿಗಾಗಿ ಒಂದು ಇಡೀ ದಿನ, ಮಳೆಗಾಲದಲ್ಲಿ ಕೆಲವೊಮ್ಮೆ ಎರಡು ದಿನ. ಇಲ್ಲಿ ಬೇಕಾದ್ದು ಮಳೆಗಾಲದಲ್ಲಿ ಕುಸಿಯದಂತೆ ಗುಡ್ಡದ ಇಳಿಜಾರನ್ನು ತಿಳಿದು ಮಾಡಿದ ರಸ್ತೆ. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆ ಮತ್ತು ಅರಬೈಲ್ ಘಟ್ಟ ಕುಸಿದದ್ದನ್ನೂ ಶಿರೂರನ್ನೂ ಕಂಡ ಮೇಲೆ, ಅಗಲಕ್ಕಿಂತ ಇಳಿಜಾರಿನ ಭದ್ರತೆ ಮೊದಲು ಎಂದು ಒತ್ತಿ ಹೇಳಬೇಕಾಗಿ ಬಂದಿರುವುದೇ ನೋವಿನ ಸಂಗತಿ. ಅದರ ಜೊತೆಗೆ ರೈಲಿನ ಸಮಯಕ್ಕೆ ಹೊಂದುವ ಬಸ್ಸುಗಳು, ಶಿರಸಿಯಲ್ಲಿ ಒಂದು ಒಪ್ಪವಾದ ಸಗಟು ಮೀನು ಮಾರುಕಟ್ಟೆ, ಕುಮಟಾದಲ್ಲಿ ಮಲೆನಾಡಿನ ತರಕಾರಿ, ಹಣ್ಣು, ಜೇನು, ಮುರುಗಲು, ಕಾಳುಮೆಣಸುಗಳಿಗೆ ಒಂದು ಅಂಗಳ. ಅಡಿಕೆ ಮಾರಾಟವನ್ನು ನೂರು ವರ್ಷ ನಡೆಸಿದ ಸಹಕಾರಿ ಸಂಘಗಳಿಗೆ ಇದು ಹೊಸ ವಿದ್ಯೆಯಲ್ಲ. ಆ ಸಂಘಗಳ ಅನುಭವ ಘಟ್ಟ ಇಳಿದು ಮೀನುಗಾರರ ಸಂಘಗಳನ್ನು ಮುಟ್ಟಿಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧದ ಕಾಲದಲ್ಲಿ ಕೈಯಲ್ಲಿ ಕಾಸಿಲ್ಲದೆ, ಮುಂದಿನ ಹಂಗಾಮಿನ ಮೀನನ್ನು ಮೊದಲೇ ವ್ಯಾಪಾರಿಗೆ ಬರೆದುಕೊಡುವ ಕುಟುಂಬಗಳಿಗೆ, ಅಡಿಕೆ ಬೆಳೆಗಾರನಿಗೆ ಸಂಘ ಕೊಡುವಂಥ ಮುಂಗಡ ಸಿಕ್ಕಿದರೆ ಎಷ್ಟು ಬದಲಾಗುತ್ತದೆ ಎಂಬುದನ್ನು ಯಾರಾದರೂ ಊಹಿಸಬಹುದು.

ಆಸ್ಪತ್ರೆಯ ವಿಷಯದಲ್ಲಿ ಕೊಂಡಿ ಇಲ್ಲದಿರುವುದರ ಬೆಲೆಯನ್ನು ಜೀವಗಳಲ್ಲಿ ತೆರಲಾಗಿದೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಎದ್ದ ಕೂಗು, 2022ರ ಜುಲೈಯಲ್ಲಿ ಹೊನ್ನಾವರದಿಂದ ಉಡುಪಿ ಕಡೆಗೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ತಾಲೂಕಿನ ಶಿರೂರು ಟೋಲ್ ಬಳಿ ಮಗುಚಿ ನಾಲ್ವರು ಸತ್ತಾಗ ಮತ್ತೆ ಎದ್ದಿತು. ಅದು ಎಲ್ಲಿ ಆಗಬೇಕು ಎಂಬಲ್ಲಿ ಕುಮಟಾದವರಿಗೂ ಕಾರವಾರದವರಿಗೂ ಶಿರಸಿಯವರಿಗೂ ಒಮ್ಮತವಿಲ್ಲ. ಈ ಜಗಳ ಸ್ವಾರ್ಥದಿಂದ ಹುಟ್ಟಿದ್ದಲ್ಲ. ಒಂದು ಪೇಟೆಯ ಆಸ್ಪತ್ರೆ ಇನ್ನೊಂದು ಪೇಟೆಯವನಿಗೆ ಸಕಾಲದಲ್ಲಿ ಸಿಗುತ್ತದೆಂಬ ನಂಬಿಕೆ ಇಲ್ಲದಿರುವಾಗ ಪ್ರತಿ ಪೇಟೆಯೂ ತನ್ನಲ್ಲೇ ಆಗಲಿ ಎನ್ನುವುದು ಸಹಜ. ದಾರಿಯನ್ನು ನಂಬುವಂತಾದರೆ ಜಾಗದ ಜಗಳ ಅರ್ಧ ಇಳಿಯುತ್ತದೆ.

ಶಿರಸಿಯನ್ನು ಕೇಂದ್ರವಾಗಿಸಿ ಪ್ರತ್ಯೇಕ ಜಿಲ್ಲೆ ಮಾಡಬೇಕೆಂಬ ಬೇಡಿಕೆಯನ್ನೂ ಇದೇ ಬೆಳಕಿನಲ್ಲಿ ನೋಡುತ್ತೇನೆ. ಘಟ್ಟದ ಮೇಲಿನವರ ದಣಿವು ನಿಜವಾದದ್ದು, ಕಚೇರಿ ಹತ್ತಿರವಾದರೆ ಅವರ ದಿನಗಳು ಉಳಿಯುತ್ತವೆ. ಆದರೆ ಹೊಸ ಜಿಲ್ಲೆಯ ಗಡಿ ದೇವಿಮನೆಯ ನೆತ್ತಿಯ ಮೇಲೆ ಬಿದ್ದರೆ, ಶಿರಸಿ–ಕುಮಟಾ ಬಸ್ಸು, ಮೀನು ಮಾರುಕಟ್ಟೆ, ಘಟ್ಟದ ರಸ್ತೆಗಳ ನಿರ್ವಹಣೆ, ಅಘನಾಶಿನಿಯ ಮೇಲ್ಭಾಗ ಮತ್ತು ಅಳಿವೆಯ ಕಾಳಜಿ, ಇವೆಲ್ಲ ಎರಡು ಜಿಲ್ಲಾ ಪಂಚಾಯಿತಿಗಳ ನಡುವಿನ ಪತ್ರವ್ಯವಹಾರವಾಗುವ ಭಯವಿದೆ. ಶಂಕರಹೊಂಡದಲ್ಲಿ ಹುಟ್ಟುವ ನದಿ ತದಡಿಯಲ್ಲಿ ಕಡಲು ಸೇರುತ್ತದೆ. ಮೇಲೆ ಮರ ಕಡಿದರೆ ಕೆಳಗೆ ಬಳಚು ಸಾಯುತ್ತದೆ. ಜಿಲ್ಲೆಯನ್ನು ಒಡೆಯಲೇಬೇಕಾದರೆ, ಈ ಹಂಚಿಕೆಯ ಕೆಲಸಗಳಿಗೆ ಮೊದಲೇ ಒಂದು ಜಂಟಿ ಪ್ರಾಧಿಕಾರವನ್ನು ಕಾನೂನಿನಲ್ಲಿ ಬರೆದಿಟ್ಟು ಒಡೆಯಲಿ. ಒಡೆಯದಿದ್ದರೆ ಶಿರಸಿಯಲ್ಲಿ ವಾರಕ್ಕೊಮ್ಮೆಯಾದರೂ ಜಿಲ್ಲಾಡಳಿತ ಕೂತು ಕಡತ ಮುಗಿಸಲಿ.

ಗೋವಾದ ವಿಷಯದಲ್ಲಿ ಮಾಡಬಹುದಾದ್ದಕ್ಕೆ ಸಾವಿರ ಕೋಟಿಗಳು ಬೇಕಿಲ್ಲ. ಎರಡು ರಾಜ್ಯಗಳ ನಡುವೆ ಕಾರವಾರ ಮತ್ತು ಕಾಣಕೋಣ ತಾಲೂಕುಗಳ ಮಟ್ಟಿಗೆ ಒಂದು ಗಡಿ ಒಪ್ಪಂದ ಸಾಕು. ಕಾರವಾರದ ಮೀನನ್ನು ಬೈತಖೋಲದಲ್ಲೇ ಪರೀಕ್ಷಿಸಿ ಕೊಟ್ಟ ಪ್ರಮಾಣಪತ್ರ ಮಡಗಾಂವದಲ್ಲಿ ನಡೆಯಬೇಕು. ದಿನವೂ ಓಡಾಡುವ ಕೆಲಸಗಾರರ ನೋಂದಣಿ ಇದ್ದು, ಯಾವುದೇ ತುರ್ತಿನಲ್ಲಿ ಗಡಿ ಮುಚ್ಚಿದರೂ ಅವರಿಗೆ ದಾರಿ ತೆರೆದಿರಬೇಕು. ಬಾಂಬೋಳಿಗೆ ಹೋಗುವ ಕಾರವಾರದ ಬಡ ರೋಗಿಯ ಶುಲ್ಕವನ್ನು ಕರ್ನಾಟಕವೇ ನೇರವಾಗಿ ಆ ಆಸ್ಪತ್ರೆಗೆ ಕಟ್ಟಬೇಕು, ಹೇಗೂ ಮಣಿಪಾಲ, ಮಂಗಳೂರುಗಳ ಖಾಸಗಿ ಆಸ್ಪತ್ರೆಗಳಿಗೆ ಸರ್ಕಾರಿ ಯೋಜನೆಗಳಡಿ ಕಟ್ಟುತ್ತಲೇ ಇದೆ. ಇದರ ಕರಡನ್ನು ಕಾರವಾರದ ಜಿಲ್ಲಾಡಳಿತ ಈ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿಯುವ ಮುನ್ನ ಸಿದ್ಧಪಡಿಸಬಹುದು, ಆಗಸ್ಟ್ 1ರಂದು ದೋಣಿಗಳು ಇಳಿಯುವಾಗ ಮೊದಲ ಟೆಂಪೊ ಆ ಪ್ರಮಾಣಪತ್ರದೊಂದಿಗೆ ಪೋಳೆಂ ದಾಟಬಹುದು.